ಪ್ರತಿ ಮತ್ತು ಪಟ್ಟ: ದತ್ತಸಂಚಯಗಳ ಬಹುಸರ್ವರ್ ರಕ್ಷಣೆಯ ಚಾರಿತ್ರಿಕ ಹಿನ್ನೆಲೆ

ಲಿಖಿತ ದಾಖಲೆಯನ್ನು ನಾಶದಿಂದ ಉಳಿಸಿಕೊಳ್ಳಲು ಮನುಷ್ಯನು ಕಂಡುಕೊಂಡ ಬಹು ಹಳೆಯ ಉಪಾಯವೆಂದರೆ ಅದರ ಪ್ರತಿಯೊಂದನ್ನು ಮಾಡಿ ಬೇರೆಡೆ ಇರಿಸುವುದು. ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಈ ಉಪಾಯದ ಲಾಭವೂ ತೊಡಕೂ ಚೆನ್ನಾಗಿ ತಿಳಿದಿವೆ. ಪ್ರತಿಗಳು ಹೆಚ್ಚಿದಷ್ಟೂ ಕೃತಿಯ ಉಳಿವಿನ ಭರವಸೆ ಹೆಚ್ಚುತ್ತದೆ. ಅದರೊಂದಿಗೆ ಪಾಠಾಂತರಗಳೂ ಹೆಚ್ಚುತ್ತವೆ. ಆದರೆ ಓಲೆಗರಿಯ ಕಾವ್ಯದ ವಿಷಯದಲ್ಲಿ ಒಂದು ಅನುಕೂಲವಿತ್ತು. ಲಿಪಿಕಾರನು ಪ್ರತಿಮಾಡಲು ಕುಳಿತಾಗ ಕವಿಯು ತನ್ನ ಕೆಲಸವನ್ನು ಮುಗಿಸಿರುತ್ತಿದ್ದನು. ಬ್ಯಾಂಕಿನ ಖಾತೆಗಳು, ರೈಲ್ವೆಯ ಆಸನ ಕಾಯ್ದಿರಿಸುವಿಕೆ, ಷೇರುಪೇಟೆಯ ವಹಿವಾಟು ಮುಂತಾದವುಗಳನ್ನು ಹೊತ್ತ ಗಣಕಯಂತ್ರದ ದತ್ತಸಂಚಯಕ್ಕೆ ಈ ಅನುಕೂಲವಿಲ್ಲ. ಪ್ರತಿಯಾಗುತ್ತಿರುವಾಗಲೇ ಮೂಲವು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಮೂಲವು ನಾಶವಾದರೆ ಯಾವ ಪ್ರತಿಯನ್ನು ಅಧಿಕೃತವೆಂದು ಮುಂದುವರಿಸಬೇಕೆಂಬ ನಿರ್ಣಯವನ್ನು ಸಂಪಾದಕನಂತೆ ವರ್ಷಗಟ್ಟಲೆ ಕುಳಿತು ಮಾಡುವಂತಿಲ್ಲ; ನಿಮಿಷಗಳೊಳಗೆ, ಕೆಲವೊಮ್ಮೆ ಸೆಕೆಂಡುಗಳೊಳಗೆ ಮಾಡಬೇಕಾಗುತ್ತದೆ.

ಆದ್ದರಿಂದ ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲನೆಯದು ಪ್ರತಿಯ ಪ್ರಶ್ನೆ: ಒಂದು ಸರ್ವರಿನಲ್ಲಿ ಬರೆದುದನ್ನು ಇನ್ನೊಂದಕ್ಕೆ ಯಾವಾಗ, ಹೇಗೆ ತಲುಪಿಸಬೇಕು? ತಂತ್ರಜ್ಞರು ಇದನ್ನು ರೆಪ್ಲಿಕೇಶನ್ ಎನ್ನುತ್ತಾರೆ. ಎರಡನೆಯದು ಪಟ್ಟದ ಪ್ರಶ್ನೆ: ಪ್ರಧಾನ ಸರ್ವರು ಬಿದ್ದಾಗ ಅದರ ಅಧಿಕಾರವನ್ನು ಯಾವುದಕ್ಕೆ, ಯಾರ ಆಜ್ಞೆಯಿಂದ ವಹಿಸಬೇಕು? ಇದು ಫೇಲ್‌ಓವರ್. ಕಳೆದ ಐದು ದಶಕಗಳಲ್ಲಿ ಈ ಎರಡು ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ಪರಿಶೀಲಿಸಿದರೆ, ಮೊದಲನೆಯದು ಬಹುಮಟ್ಟಿಗೆ ಎಂಜಿನಿಯರಿಂಗ್ ಪ್ರಶ್ನೆಯಾಗಿಯೂ ಎರಡನೆಯದು ಆಡಳಿತದ ಪ್ರಶ್ನೆಯಾಗಿಯೂ ಬೆಳೆದುದು ಕಂಡುಬರುತ್ತದೆ. ದೊಡ್ಡ ಅನಾಹುತಗಳು ಹೆಚ್ಚಾಗಿ ಸಂಭವಿಸಿರುವುದು ಇವೆರಡರ ಸಂಧಿಯಲ್ಲಿ.

ಚರಿತ್ರೆಯ ಆರಂಭವು ಒಂದು ಅಸಾಧ್ಯತೆಯ ಅರಿವಿನೊಂದಿಗೆ ಆಯಿತೆಂಬುದು ಗಮನಾರ್ಹ. 1975ರಲ್ಲಿ ಅಕ್ಕೊಯುನ್ಲು, ಏಕನಾಥಂ ಮತ್ತು ಹ್ಯೂಬರ್ ಎಂಬ ಮೂವರು ಸಂಶೋಧಕರು ನಂಬಲರ್ಹವಲ್ಲದ ಸಂಪರ್ಕದ ಮೂಲಕ ಎರಡು ಪಕ್ಷಗಳು ನಿಶ್ಚಿತವಾದ ಒಮ್ಮತಕ್ಕೆ ಬರಲಾರವೆಂದು ತೋರಿಸಿದರು. 1978ರಲ್ಲಿ ಜಿಮ್ ಗ್ರೇ ಇದನ್ನು ಇಬ್ಬರು ಸೇನಾನಿಗಳ ದೃಷ್ಟಾಂತವಾಗಿ ನಿರೂಪಿಸಿದರು. ಎರಡು ಬೆಟ್ಟಗಳ ಮೇಲೆ ಒಂದೇ ಪಕ್ಷದ ಎರಡು ಸೈನ್ಯಗಳಿವೆ. ನಡುವಿನ ಕಣಿವೆಯಲ್ಲಿ ಶತ್ರುವಿದ್ದಾನೆ. ಇಬ್ಬರೂ ಒಂದೇ ಹೊತ್ತಿಗೆ ಆಕ್ರಮಣ ಮಾಡಿದರೆ ಮಾತ್ರ ಜಯ. ದೂತನು ಕಣಿವೆಯನ್ನು ದಾಟಿಯೇ ಹೋಗಬೇಕು, ದಾರಿಯಲ್ಲಿ ಸೆರೆಸಿಕ್ಕಲೂಬಹುದು. ಸಂದೇಶ ತಲುಪಿತೆಂಬುದಕ್ಕೆ ಉತ್ತರ ಬೇಕು, ಆ ಉತ್ತರ ತಲುಪಿತೆಂಬುದಕ್ಕೆ ಮತ್ತೊಂದು ಉತ್ತರ ಬೇಕು, ಇದಕ್ಕೆ ಕೊನೆಯಿಲ್ಲ. ಎರಡು ಸರ್ವರುಗಳ ನಡುವಿನ ತಂತಿ ಕಡಿದಾಗ ಉಂಟಾಗುವ ಸ್ಥಿತಿ ಇದೇ. ಉತ್ತರ ಬಾರದಿದ್ದಾಗ ಇನ್ನೊಂದು ಸರ್ವರು ಸತ್ತಿದೆಯೋ, ಬದುಕಿದ್ದು ಮಾತು ಮಾತ್ರ ಕೇಳಿಸುತ್ತಿಲ್ಲವೋ ಎಂಬುದನ್ನು ಈಚೆಯ ಸರ್ವರು ತನ್ನಷ್ಟಕ್ಕೆ ತಾನೇ ತಿಳಿಯಲಾರದು.

ಆದರೂ ವ್ಯವಹಾರ ನಡೆಯಲೇಬೇಕಾಗಿತ್ತು. 1976ರಲ್ಲಿ ಆಲ್ಸ್‌ಬರ್ಗ್ ಮತ್ತು ಡೇ ಎಂಬುವರು ಪ್ರಕಟಿಸಿದ ಪ್ರಬಂಧದಲ್ಲಿ ಇಂದಿಗೂ ಬಳಕೆಯಲ್ಲಿರುವ ವ್ಯವಸ್ಥೆಯ ಮೂಲರೂಪವಿದೆ. ಒಂದು ಸರ್ವರು ಪ್ರಧಾನ, ಉಳಿದವು ಅನುಚರ. ಬದಲಾವಣೆಗಳೆಲ್ಲವೂ ಪ್ರಧಾನದ ಮೂಲಕವೇ ಕ್ರಮಬದ್ಧವಾಗಿ ಸಾಗಬೇಕು. ಕನಿಷ್ಠ ಮತ್ತೊಂದು ಸರ್ವರಿಗೆ ಬದಲಾವಣೆ ತಲುಪಿದ ಬಳಿಕವೇ ಗ್ರಾಹಕನಿಗೆ ಕೆಲಸವಾಯಿತೆಂದು ತಿಳಿಸಬೇಕು. ಅದೇ 1976ರಲ್ಲಿ ಟ್ಯಾಂಡಮ್ ಸಂಸ್ಥೆಯು ತನ್ನ ಮೊದಲ ಯಂತ್ರವನ್ನು ಸಿಟಿಬ್ಯಾಂಕಿಗೆ ಒದಗಿಸಿತು. ಜೇಮ್ಸ್ ಟ್ರೈಬಿಗ್ ಅವರು 1974ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ತತ್ತ್ವ ಸರಳವಾಗಿತ್ತು: ಯಂತ್ರದೊಳಗಿನ ಪ್ರತಿಯೊಂದು ಅಂಗಕ್ಕೂ ಜೋಡಿಯಿರಬೇಕು. ಸಂಸ್ಕಾರಕಗಳು ಒಂದಕ್ಕಿಂತ ಹೆಚ್ಚು, ಅವುಗಳನ್ನು ಕೂಡಿಸುವ ಮಾರ್ಗಗಳು ಎರಡು, ಒಂದೇ ದತ್ತಾಂಶವನ್ನು ಹೊತ್ತ ಡಿಸ್ಕುಗಳು ಎರಡು. ನಡೆಯುತ್ತಿರುವ ಪ್ರತಿಯೊಂದು ಮುಖ್ಯ ಕಾರ್ಯಕ್ಕೂ ಇನ್ನೊಂದು ಸಂಸ್ಕಾರಕದಲ್ಲಿ ಅದರ ಜೋಡಿಯು ಸಿದ್ಧವಾಗಿ ಕಾದಿರುತ್ತಿತ್ತು.

ಇಂತಹ ಯಂತ್ರಗಳಿದ್ದೂ ಕೆಲಸ ನಿಲ್ಲುತ್ತಿತ್ತು. ಏಕೆ ಎಂಬುದನ್ನು ಅರಿಯಲು ಟ್ಯಾಂಡಮ್‌ನಲ್ಲಿದ್ದ ಗ್ರೇ ಅವರು 1985ರಲ್ಲಿ ಸಿದ್ಧಪಡಿಸಿದ ವರದಿಯು ಈ ಕ್ಷೇತ್ರದ ಆಕರಗಳಲ್ಲಿ ಅಗ್ರಗಣ್ಯವಾದುದು. ಗ್ರಾಹಕರಿಂದ ಬಂದ ವೈಫಲ್ಯದ ವರದಿಗಳನ್ನು ಅವರು ಕಾರಣಾನುಸಾರ ವಿಂಗಡಿಸಿದರು. ಯಂತ್ರಾಂಶದ ದೋಷದಿಂದ ನಿಂತುಹೋದ ಪ್ರಸಂಗಗಳು ಶೇ. 18ರಷ್ಟು, ತಂತ್ರಾಂಶದಿಂದ ಶೇ. 25ರಷ್ಟು, ವಿದ್ಯುತ್ತು ಮೊದಲಾದ ಪರಿಸರದ ಕಾರಣಗಳಿಂದ ಶೇ. 14ರಷ್ಟು ಎಂದು ತಿಳಿದುಬಂತು. ಎಲ್ಲಕ್ಕಿಂತ ದೊಡ್ಡ ಪಾಲು, ಅಂದರೆ ಶೇ. 42, ಯಂತ್ರವನ್ನು ನೋಡಿಕೊಳ್ಳುವವರ ಕಾರ್ಯಾಚರಣೆ, ಸಂಯೋಜನೆ ಮತ್ತು ದುರಸ್ತಿಗೆ ಸಂಬಂಧಿಸಿತ್ತು. ಜೋಡಿ ಡಿಸ್ಕಿನಲ್ಲಿ ಒಂದು ಕೆಟ್ಟಾಗ ದುರಸ್ತಿಗೆ ಬಂದವನು ಚೆನ್ನಾಗಿರುವ ಇನ್ನೊಂದನ್ನೇ ಕಳಚಿದರೆ ಜೋಡಿಯಿಂದ ಏನು ಪ್ರಯೋಜನ? ಈ ವರದಿಯ ಇನ್ನೊಂದು ಒಳನೋಟವೂ ಉಲ್ಲೇಖಾರ್ಹ. ಬಳಕೆಗೆ ಬಂದು ಪಳಗಿದ ತಂತ್ರಾಂಶದಲ್ಲಿ ಉಳಿದಿರುವ ದೋಷಗಳು ಬಹುಪಾಲು ಕ್ಷಣಿಕವಾದವು. ಅದೇ ಕೆಲಸವನ್ನು ಮತ್ತೊಮ್ಮೆ ಮಾಡಿದರೆ ಅವು ಮರುಕಳಿಸುವುದಿಲ್ಲ. ಒಂದೇ ತಂತ್ರಾಂಶವನ್ನು ಹೊತ್ತ ಎರಡನೆಯ ಸರ್ವರು ಮೊದಲನೆಯದರಂತೆಯೇ ಬೀಳದಿರುವುದು ಈ ಕಾರಣದಿಂದಲೇ. 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಗ್ರೇ ಅವರು 2007ರ ಜನವರಿ 28ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೊರಟವರು ಮರಳಲಿಲ್ಲ. ಅವರ ದೋಣಿಗಾಗಿ ಸಹೋದ್ಯೋಗಿಗಳು ಉಪಗ್ರಹ ಚಿತ್ರಗಳನ್ನು ಹಂಚಿಕೊಂಡು ಹುಡುಕಿದರೂ ಕುರುಹು ಸಿಗಲಿಲ್ಲ.

ಪಟ್ಟದ ಪ್ರಶ್ನೆಗೆ ಬಂದರೆ, ಇಬ್ಬರಿಂದ ಪರಿಹಾರವಾಗದ ವಿವಾದವು ಮೂವರಿಂದ ಪರಿಹಾರವಾಗುತ್ತದೆಂಬ ಅರಿವು 1979ರಲ್ಲಿ ಪ್ರಕಟವಾದ ಥಾಮಸ್ ಮತ್ತು ಗಿಫರ್ಡ್ ಅವರ ಪ್ರಬಂಧಗಳಲ್ಲಿ ರೂಪುಗೊಂಡಿತು. ಒಂದು ಗುಂಪಿನಲ್ಲಿ ಯಾವ ಎರಡು ಬಹುಮತಗಳನ್ನು ತೆಗೆದುಕೊಂಡರೂ ಕನಿಷ್ಠ ಒಬ್ಬ ಸದಸ್ಯನಾದರೂ ಎರಡರಲ್ಲೂ ಇರಲೇಬೇಕು. ಆ ಒಬ್ಬನ ಕಡತವೇ ಹಿಂದಿನ ನಿರ್ಣಯಕ್ಕೆ ಸಾಕ್ಷಿ. ಮೂರು ಸರ್ವರುಗಳಿದ್ದರೆ ಒಂದರ ಪತನವನ್ನೂ ಐದಿದ್ದರೆ ಎರಡರ ಪತನವನ್ನೂ ಸಹಿಸಿಕೊಳ್ಳಬಹುದೆಂಬ ಲೆಕ್ಕ ಇದರಿಂದ ಬಂದುದು. ನಾಲ್ಕನೆಯದನ್ನು ಸೇರಿಸಿದರೆ ವೆಚ್ಚ ಹೆಚ್ಚುವುದೇ ವಿನಾ ಸಹಿಷ್ಣುತೆ ಹೆಚ್ಚುವುದಿಲ್ಲ.

ಈ ತತ್ತ್ವವನ್ನು ಸಂಪೂರ್ಣ ವಿಧಾನವಾಗಿ ಬೆಳೆಸಿದ ಕೃತಿಯ ಪ್ರಕಟಣೆಯ ಕಥೆ ಇತಿಹಾಸದ ವಿದ್ಯಾರ್ಥಿಗಳಿಗೆ ವಿಶೇಷ ಕುತೂಹಲಕರವಾದುದು. ಲೆಸ್ಲಿ ಲ್ಯಾಂಪೋರ್ಟ್ ಅವರು 1990ರಲ್ಲಿ ಗಣಕಶಾಸ್ತ್ರದ ಒಂದು ನಿಯತಕಾಲಿಕೆಗೆ ಕಳುಹಿಸಿದ ಲೇಖನವು ಪುರಾತತ್ತ್ವ ವರದಿಯ ವೇಷದಲ್ಲಿತ್ತು. ಗ್ರೀಸಿನ ಪ್ಯಾಕ್ಸೋಸ್ ದ್ವೀಪದಲ್ಲಿ ನಡೆದ ಉತ್ಖನನದಿಂದ ಪ್ರಾಚೀನ ಸಂಸತ್ತೊಂದರ ನಡವಳಿಕೆ ತಿಳಿದುಬಂದಿದೆಯೆಂದೂ, ಅಲ್ಲಿಯ ಸದಸ್ಯರು ವ್ಯಾಪಾರನಿಮಿತ್ತ ಸಭಾಭವನಕ್ಕೆ ಬಂದು ಹೋಗುತ್ತಿದ್ದರೆಂದೂ, ಪ್ರತಿಯೊಬ್ಬನೂ ಅಂಗೀಕೃತ ಶಾಸನಗಳನ್ನು ಕ್ರಮಸಂಖ್ಯೆಯೊಂದಿಗೆ ಅಳಿಸಲಾಗದ ಶಾಯಿಯಲ್ಲಿ ತನ್ನ ಕಡತದಲ್ಲಿ ಬರೆದಿಡುತ್ತಿದ್ದನೆಂದೂ ಅದರಲ್ಲಿ ಕಲ್ಪಿಸಲಾಗಿತ್ತು. ಸದಸ್ಯರು ಎದ್ದುಹೋದರೂ ದೂತರು ಮರೆತರೂ ಇಬ್ಬರ ಕಡತಗಳಲ್ಲಿ ಒಂದೇ ಸಂಖ್ಯೆಯ ಅಡಿ ಎರಡು ಬೇರೆ ಶಾಸನಗಳು ಬರದಂತೆ ನೋಡಿಕೊಳ್ಳುವುದು ಹೇಗೆಂಬುದು ಲೇಖನದ ತಿರುಳು. ಪರಿಶೀಲಕರು ಪ್ಯಾಕ್ಸೋಸ್‌ನ ಕಥೆಯನ್ನು ಕೈಬಿಡುವಂತೆ ಸೂಚಿಸಿದರು, ಲೇಖಕರು ಒಪ್ಪಲಿಲ್ಲ. ಲೇಖನವು ಎಂಟು ವರ್ಷ ಹಾಗೆಯೇ ಉಳಿದು 1998ರಲ್ಲಿ ಅಚ್ಚಾಯಿತು. ಸಂಪಾದಕೀಯ ಕಚೇರಿಯ ಕಪಾಟಿನ ಹಿಂದೆ ಹಸ್ತಪ್ರತಿಯು ಇತ್ತೀಚೆಗೆ ಪತ್ತೆಯಾಯಿತೆಂಬ ಟಿಪ್ಪಣಿಯನ್ನು, ಅದೇ ವಿನೋದವನ್ನು ಮುಂದುವರಿಸಿ, ಜೊತೆಗೆ ಸೇರಿಸಲಾಯಿತು. ಪುರಾತತ್ತ್ವದ ವೇಷವು ಹಲವು ಓದುಗರನ್ನು ದೂರವಿಟ್ಟುದರಿಂದ 2001ರಲ್ಲಿ ಲ್ಯಾಂಪೋರ್ಟ್ ಅವರೇ ಸರಳ ಗದ್ಯದಲ್ಲಿ ಇನ್ನೊಮ್ಮೆ ಬರೆಯಬೇಕಾಯಿತು.

ಆ ಕಲ್ಪಿತ ಸಂಸತ್ತಿನ ಅಂತ್ಯವನ್ನು ಇಲ್ಲಿ ನೆನೆಯುವುದು ಉಚಿತ. ಹಡಗು ಮುಳುಗಿ ಸತ್ತ ನಾವಿಕರನ್ನು ಗೌರವಿಸಲು ಹೊರಡಿಸಿದ ಶಾಸನವು ಗುಮಾಸ್ತನ ಕೈತಪ್ಪಿನಿಂದ ಆ ಸತ್ತವರನ್ನೇ ಸಂಸತ್ತಿನ ಏಕೈಕ ಸದಸ್ಯರೆಂದು ಘೋಷಿಸಿತಂತೆ. ಬಹುಮತ ಎಂದೆಂದಿಗೂ ಸೇರದಂತಾಗಿ ಆಡಳಿತ ನಿಂತಿತು. ವಿಧಾನವು ನಿರ್ದುಷ್ಟವಾಗಿದ್ದರೂ ಸದಸ್ಯರ ಪಟ್ಟಿಯನ್ನು ಬರೆಯುವ ಕೈ ತಪ್ಪಬಹುದೆಂಬ ಈ ಹಾಸ್ಯವು ಗ್ರೇ ಅವರ ಅಂಕಿಅಂಶಗಳಿಗೆ ದೂರವಾದುದಲ್ಲ. ಲ್ಯಾಂಪೋರ್ಟ್ ಅವರಿಗಿಂತ ಮೊದಲೇ, 1988ರಲ್ಲಿ, ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಬ್ರಯನ್ ಓಕಿ ಮತ್ತು ಬಾರ್ಬರಾ ಲಿಸ್ಕೋವ್ ಅವರು ಇದನ್ನೇ ಹೋಲುವ ವಿಧಾನವನ್ನು ಸ್ವತಂತ್ರವಾಗಿ ಪ್ರಕಟಿಸಿದ್ದರೆಂಬುದನ್ನೂ ಮರೆಯುವಂತಿಲ್ಲ. 2014ರಲ್ಲಿ ಬಂದ ರಾಫ್ಟ್ ಎಂಬ ವಿಧಾನವು ಸುಲಭಗ್ರಾಹ್ಯತೆಯನ್ನೇ ಗುರಿಯಾಗಿಟ್ಟುಕೊಂಡು ಈ ಪರಂಪರೆಯನ್ನು ಮುಂದುವರಿಸಿತು.

ಬಹುಮತದ ಅಗತ್ಯವೇನೆಂಬುದನ್ನು ಕರ್ನಾಟಕದ ಇತಿಹಾಸದಿಂದಲೇ ವಿವರಿಸಬಹುದು. ರಾಷ್ಟ್ರಕೂಟ ಧ್ರುವನು ತನ್ನ ಅನಂತರ ಮೂರನೆಯ ಗೋವಿಂದನೇ ಅರಸನೆಂದು ಜೀವಿತಕಾಲದಲ್ಲಿಯೇ ನಿಶ್ಚಯಿಸಿದ್ದನು. ಆದರೂ ಗಂಗವಾಡಿಯಲ್ಲಿದ್ದ ಹಿರಿಯ ಮಗ ಸ್ತಂಭನು ಹನ್ನೆರಡು ಮಂದಿ ರಾಜರ ಬೆಂಬಲದೊಂದಿಗೆ ತಾನೇ ಅಧಿಕಾರಿಯೆಂದು ದಂಗೆಯೆದ್ದನು. ಸರ್ವರುಗಳ ಜಗತ್ತಿನಲ್ಲಿಯೂ ಭಯಪಡಬೇಕಾದುದು ಅರಸನಿಲ್ಲದ ಸ್ಥಿತಿಗಿಂತ ಇಬ್ಬರು ಅರಸರಿರುವ ಸ್ಥಿತಿಗೆ. ಸಂಪರ್ಕ ಕಡಿದ ಎರಡು ಕಡೆಗಳಲ್ಲಿಯೂ ಒಂದೊಂದು ಸರ್ವರು ತಾನೇ ಪ್ರಧಾನವೆಂದು ಬರೆಯತೊಡಗಿದರೆ ಎರಡು ಭಿನ್ನ ಚರಿತ್ರೆಗಳು ಹುಟ್ಟುತ್ತವೆ. ಅನಂತರ ಅವುಗಳನ್ನು ಕೂಡಿಸಲು ಯಾವ ಸಾಮಾನ್ಯ ನಿಯಮವೂ ಇಲ್ಲ. ಆದ್ದರಿಂದಲೇ ಹೊಸ ಪ್ರಧಾನಕ್ಕೆ ಪಟ್ಟ ಕಟ್ಟುವ ಮುನ್ನ ಹಳೆಯದರ ವಿದ್ಯುತ್ತನ್ನಾಗಲಿ ಡಿಸ್ಕಿನ ಹಕ್ಕನ್ನಾಗಲಿ ಕಡ್ಡಾಯವಾಗಿ ಕಿತ್ತುಕೊಳ್ಳಬೇಕೆಂಬ ನಿಯಮ ಆಚರಣೆಗೆ ಬಂತು. ಇಷ್ಟು ಕಠಿಣವಾದ ಕ್ರಮವನ್ನು ಅನಗತ್ಯವೆಂದು ಬಿಟ್ಟ ಯೋಜನೆಗಳೇ ಹೆಚ್ಚು ನಷ್ಟ ಅನುಭವಿಸಿವೆ.

ಎಲ್ಲ ಸರ್ವರುಗಳಲ್ಲಿಯೂ ಬರೆಯಲು ಅವಕಾಶ ಕೊಟ್ಟರೆ ಪಟ್ಟದ ಪ್ರಶ್ನೆಯೇ ಇರುವುದಿಲ್ಲವಲ್ಲ ಎಂಬ ವಾದವೂ ಇತ್ತು. 1996ರಲ್ಲಿ ಗ್ರೇ ಮತ್ತು ಸಂಗಡಿಗರು ಇದನ್ನು ಲೆಕ್ಕದ ಮೂಲಕ ಪರೀಕ್ಷಿಸಿದರು. ಎಲ್ಲೆಡೆ ಬರೆಯುವ ವ್ಯವಸ್ಥೆಯಲ್ಲಿ ಸರ್ವರುಗಳ ಸಂಖ್ಯೆ ಹತ್ತು ಪಟ್ಟಾದರೆ ಪರಸ್ಪರ ತಡೆಯಾಗಿ ನಿಂತುಹೋಗುವ ವ್ಯವಹಾರಗಳು ಸಾವಿರ ಪಟ್ಟಾಗುತ್ತವೆಂದು ಅವರು ತೋರಿಸಿದರು. ಎರಿಕ್ ಬ್ರೂವರ್ ಅವರು 2000ದಲ್ಲಿ ಮುಂದಿಟ್ಟು, ಗಿಲ್ಬರ್ಟ್ ಮತ್ತು ಲಿಂಚ್ ಅವರು 2002ರಲ್ಲಿ ಸಾಧಿಸಿದ ಪ್ರಮೇಯವು ಇನ್ನೊಂದು ಮಿತಿಯನ್ನು ಗೊತ್ತುಪಡಿಸಿತು. ಸಂಪರ್ಕ ಕಡಿದಾಗ ಎಲ್ಲ ಪ್ರತಿಗಳ ಏಕರೂಪತೆ ಮತ್ತು ಸೇವೆಯ ಲಭ್ಯತೆ ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲಾಗದು. ಯಾವುದನ್ನು ಬಿಡಬೇಕೆಂಬುದನ್ನು ಗಣಿತವು ಹೇಳುವುದಿಲ್ಲ. ಅಂಗಡಿಯ ಖರೀದಿ ಬುಟ್ಟಿಗೂ ಬ್ಯಾಂಕಿನ ಖಾತೆಗೂ ಉತ್ತರ ಬೇರೆಯೇ.

2001ರ ಸೆಪ್ಟೆಂಬರ್ 11ರ ದಾಳಿಯ ತರುವಾಯ ದೂರದ ಪ್ರಶ್ನೆ ಮುನ್ನೆಲೆಗೆ ಬಂತು. ಒಂದೇ ನಗರದ ಎರಡು ಕಟ್ಟಡಗಳಲ್ಲಿ ಪ್ರತಿಗಳಿದ್ದರೆ ಸಾಲದೆಂಬುದು ನ್ಯೂಯಾರ್ಕಿನ ಹಣಕಾಸು ಸಂಸ್ಥೆಗಳ ಅನುಭವವಾಗಿತ್ತು. ಆದರೆ ದೂರ ಹೆಚ್ಚಿಸುವುದಕ್ಕೆ ಬೆಳಕಿನ ವೇಗವೇ ಅಡ್ಡಿ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಸಾವಿರ ಕಿಲೋಮೀಟರ್ ದೂರದ ಪ್ರತಿಯಿಂದ ಒಪ್ಪಿಗೆ ಮರಳಲು ಕನಿಷ್ಠ 10 ಮಿಲಿಸೆಕೆಂಡು ಬೇಕು. ಪ್ರತಿಯೊಂದು ವ್ಯವಹಾರವೂ ಇಷ್ಟು ಹೊತ್ತು ಕಾದರೆ ವೇಗದ ವ್ಯವಹಾರ ಸಾಗದು. ಕಾಯದಿದ್ದರೆ ದೂರದ ಪ್ರತಿಯು ಸದಾ ಸ್ವಲ್ಪ ಹಿಂದೆ ಉಳಿಯುತ್ತದೆ, ಆ ಹಿಂದುಳಿದ ಭಾಗವೇ ಅಪಘಾತದ ದಿನ ನಷ್ಟವಾಗುವ ಭಾಗ. ಇದಕ್ಕೆ ಕಂಡುಕೊಂಡ ರಾಜಿಸೂತ್ರವೇ ಮೂರು ನೆಲೆಗಳ ವ್ಯವಸ್ಥೆ: ಸಮೀಪದ ಒಂದು ನೆಲೆಗೆ ತತ್‌ಕ್ಷಣದ ಪ್ರತಿ, ದೂರದ ಒಂದು ನೆಲೆಗೆ ತುಸು ತಡವಾದ ಪ್ರತಿ. ಯೋಜಕರು ಮೊದಲೇ ಎರಡು ಸಂಖ್ಯೆಗಳನ್ನು ಬರೆದಿಡಬೇಕೆಂಬ ಪದ್ಧತಿಯೂ ನೆಲೆಗೊಂಡಿತು. ಎಷ್ಟು ನಿಮಿಷಗಳ ದತ್ತಾಂಶ ಹೋದರೆ ಸಹ್ಯ ಎಂಬುದು ಒಂದು. ಎಷ್ಟು ನಿಮಿಷಗಳೊಳಗೆ ಸೇವೆ ಮರಳಬೇಕು ಎಂಬುದು ಇನ್ನೊಂದು.

ಇದೇ ಅವಧಿಯಲ್ಲಿ ಬೆಲೆಯಿಲ್ಲದೆ ದೊರೆಯುವ ದತ್ತಸಂಚಯ ತಂತ್ರಾಂಶಗಳಲ್ಲಿಯೂ ಪ್ರತಿಮಾಡುವ ಸೌಲಭ್ಯ ಸೇರಿತು. ಮೈಎಸ್‌ಕ್ಯೂಎಲ್‌ನಲ್ಲಿ 2000ದಲ್ಲಿಯೂ ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ 2010ರಲ್ಲಿಯೂ ಅದು ಅಂತರ್ಗತವಾಯಿತು. ಹಿಂದೆ ಬ್ಯಾಂಕುಗಳಿಗೆ ಮಾತ್ರ ಎಟಕುತ್ತಿದ್ದ ವ್ಯವಸ್ಥೆ ಚಿಕ್ಕ ಸಂಸ್ಥೆಗಳ ಕೈಗೂ ಬಂತು. ಅವರು ಕಲಿತ ಪಾಠಗಳು ದುಬಾರಿಯಾಗಿದ್ದವು.

ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಅಧಿಕ ಒತ್ತಡದಿಂದ ಅನುಚರ ಸರ್ವರು ಹಿಂದೆ ಬಿದ್ದಿತು. ಅದನ್ನು ಹೊಸದಾಗಿ ಕಟ್ಟಲು ರಾತ್ರಿಯ ಹೊತ್ತು ಶ್ರಮಿಸುತ್ತಿದ್ದ ತಂತ್ರಜ್ಞರೊಬ್ಬರು ಅನುಚರದ ಬದಲು ಪ್ರಧಾನ ಸರ್ವರಿನ ಕಡತಕೋಶವನ್ನು ಅಳಿಸುವ ಆದೇಶ ನೀಡಿದರು. ಕ್ಷಣಮಾತ್ರದಲ್ಲಿ ತಡೆದರೂ ಸುಮಾರು 300 ಗಿಗಾಬೈಟ್‌ಗಳಲ್ಲಿ ಉಳಿದುದು 4.5 ಗಿಗಾಬೈಟ್. ಪ್ರತ್ಯೇಕ ಸಂಗ್ರಹದಲ್ಲಿರಬೇಕಾಗಿದ್ದ ನಿತ್ಯದ ನಕಲುಗಳನ್ನು ಹುಡುಕಿದರೆ ಕೋಶ ಬರಿದಾಗಿತ್ತು. ನಕಲು ಮಾಡುವ ತಂತ್ರಾಂಶದ ಆವೃತ್ತಿ ಹೊಂದದೆ ಆ ಕೆಲಸ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳೂ ತಿರಸ್ಕೃತವಾಗುತ್ತಿದ್ದವು. ಬೇರೊಂದು ಕೆಲಸಕ್ಕಾಗಿ ಆರು ಗಂಟೆಗಳ ಹಿಂದೆ ಆಕಸ್ಮಿಕವಾಗಿ ತೆಗೆದಿಟ್ಟಿದ್ದ ನಕಲೊಂದು ಸಂಸ್ಥೆಯನ್ನು ಉಳಿಸಿತು. ಸುಮಾರು 5,000 ಯೋಜನೆಗಳು, ಅಷ್ಟೇ ಟಿಪ್ಪಣಿಗಳು, 700 ಹೊಸ ಖಾತೆಗಳ ವಿವರ ನಷ್ಟವಾಯಿತು. ಆ ಸಂಸ್ಥೆಯು ಏನನ್ನೂ ಮುಚ್ಚಿಡದೆ ದುರಸ್ತಿಯನ್ನು ಸಾರ್ವಜನಿಕರಿಗೆ ನೇರವಾಗಿ ತೋರಿಸಿ ಸವಿಸ್ತಾರ ವರದಿ ಪ್ರಕಟಿಸಿದುದು ಶ್ಲಾಘನೀಯ. ಇಂತಹ ವರದಿಗಳಿಲ್ಲದಿದ್ದರೆ ಈ ವಿಷಯದ ಚರಿತ್ರೆಯನ್ನು ಬರೆಯುವುದೇ ದುಸ್ಸಾಧ್ಯ. ಜೀವಂತ ಪ್ರತಿಯು ಸಂಗ್ರಹಿತ ನಕಲಿಗೆ ಪರ್ಯಾಯವಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಮೂಲದಲ್ಲಿ ಬರೆದ ತಪ್ಪು ಆದೇಶವನ್ನೂ ಪ್ರತಿಯು ನಿಷ್ಠೆಯಿಂದ ಅನುಸರಿಸುತ್ತದೆ.

ಮರುವರ್ಷ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ನಡೆದುದು ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗ. ಅಲ್ಲಿ ಯಾರೂ ತಪ್ಪು ಆದೇಶ ನೀಡಲಿಲ್ಲ. ಅಮೆರಿಕದ ಪೂರ್ವ ಕರಾವಳಿಯ ಜಾಲದಲ್ಲಿ ಕೆಡುತ್ತಿದ್ದ ಉಪಕರಣವೊಂದನ್ನು ಬದಲಿಸುವಾಗ 43 ಸೆಕೆಂಡು ಸಂಪರ್ಕ ಕಡಿಯಿತು. ಸ್ವಯಂಚಾಲಿತ ವ್ಯವಸ್ಥೆಯು ಬಹುಮತ ಸೇರಿಸಿ, ವಿಧಿವತ್ತಾಗಿಯೇ, ಪಶ್ಚಿಮ ಕರಾವಳಿಯ ಸರ್ವರುಗಳಿಗೆ ಪಟ್ಟ ಕಟ್ಟಿತು. ಆದರೆ ಕಡಿಯುವ ಮುನ್ನ ಪೂರ್ವದಲ್ಲಿ ಬರೆದ ಕೆಲವು ಸೆಕೆಂಡುಗಳ ಬರಹ ಪಶ್ಚಿಮಕ್ಕೆ ತಲುಪಿರಲಿಲ್ಲ. ಅನಂತರ ಸುಮಾರು 40 ನಿಮಿಷ ಪಶ್ಚಿಮದಲ್ಲಿ ಬರೆದುದು ಪೂರ್ವದಲ್ಲಿರಲಿಲ್ಲ. ಅತ್ಯಂತ ಕಾರ್ಯನಿರತವಾದ ಸಮೂಹಗಳಲ್ಲೊಂದರಲ್ಲಿ ಹೀಗೆ ಅತಂತ್ರವಾದ ಬರಹಗಳ ಸಂಖ್ಯೆ 954. ಸೇವೆಯನ್ನು ಬೇಗ ಮರಳಿಸಲು ಅವುಗಳನ್ನು ಬಿಟ್ಟುಬಿಡಬಹುದಾಗಿತ್ತು. ಸಂಸ್ಥೆಯು ಬಳಕೆದಾರರ ದತ್ತಾಂಶವೇ ಮುಖ್ಯವೆಂದು ನಿಶ್ಚಯಿಸಿ, ಸೇವೆಯ ಕೆಲವು ಭಾಗಗಳನ್ನು ತಾನಾಗಿ ನಿಲ್ಲಿಸಿ, ನಕಲುಗಳಿಂದ ಮರುಕಟ್ಟಿತು. 43 ಸೆಕೆಂಡುಗಳ ವಿಚ್ಛೇದಕ್ಕೆ ತೆತ್ತ ಕಾಲ 24 ಗಂಟೆ 11 ನಿಮಿಷ. ಇಲ್ಲಿಯ ದೋಷ ಪಟ್ಟಕಟ್ಟುವ ವಿಧಾನದಲ್ಲಿರಲಿಲ್ಲ. ಖಂಡದ ಆ ತುದಿಯ ಸರ್ವರಿಗೆ ಅಧಿಕಾರ ಹೋದರೆ ಈ ತುದಿಯ ಅನ್ವಯಗಳು ಅಷ್ಟು ದೂರದ ವಿಳಂಬವನ್ನು ತಾಳಬಲ್ಲವೇ ಎಂಬುದನ್ನು ಉತ್ತರಾಧಿಕಾರಿಗಳ ಪಟ್ಟಿ ಸಿದ್ಧಪಡಿಸುವಾಗ ಪರಿಗಣಿಸಿರಲಿಲ್ಲ.

ಭಾರತದಲ್ಲಿ ಈ ಪ್ರಶ್ನೆಯು ಜನಸಾಮಾನ್ಯರ ಗಮನಕ್ಕೆ ಬಂದುದು 2021ರ ಫೆಬ್ರವರಿ 24ರಂದು. ಅಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬೆಳಿಗ್ಗೆ 11.40ಕ್ಕೆ ವಹಿವಾಟು ನಿಂತಿತು. ಎರಡು ದೂರಸಂಪರ್ಕ ಸಂಸ್ಥೆಗಳಿಂದ ಪಡೆದ ಮಾರ್ಗಗಳೆರಡೂ ಒಂದೇ ದಿನ ಅಸ್ಥಿರವಾಗಿದ್ದವು. ಮಾರ್ಗ ಕಡಿದರೂ ಪ್ರಧಾನ ನೆಲೆ ತನ್ನಷ್ಟಕ್ಕೆ ನಡೆಯಬೇಕಾಗಿತ್ತು. ಆದರೆ ದತ್ತಾಂಶವನ್ನು ಹೊತ್ತ ಶೇಖರಣಾ ವ್ಯವಸ್ಥೆಯೇ ಸರ್ವರುಗಳಿಗೆ ಸಿಗದಂತಾಗಿ, ಅಪಾಯ ನಿಯಂತ್ರಣದ ವ್ಯವಸ್ಥೆ ಸ್ಥಗಿತವಾಯಿತು. ದೂರದ ನೆಲೆಗೆ ವಹಿವಾಟನ್ನು ವರ್ಗಾಯಿಸಲಿಲ್ಲ. ಮಧ್ಯಾಹ್ನ 3.45ಕ್ಕೆ ಪುನರಾರಂಭವಾಗಿ 5 ಗಂಟೆಯವರೆಗೆ ವಹಿವಾಟು ನಡೆಯಿತು. ಅವಧಿ ವಿಸ್ತರಣೆಯ ಸುದ್ದಿ ತಡವಾಗಿ ಬಂದುದರಿಂದ ಅಷ್ಟರೊಳಗೆ ಹಲವು ಹೂಡಿಕೆದಾರರ ಆ ದಿನದ ವ್ಯವಹಾರಗಳನ್ನು ದಲ್ಲಾಳಿಗಳು ಬೇರೊಂದು ವಿನಿಮಯ ಕೇಂದ್ರದಲ್ಲಿ ಮುಕ್ತಾಯಗೊಳಿಸಿದ್ದರು. ಎರಡು ಸಂಸ್ಥೆಗಳಿಂದ ಪಡೆದ ಮಾರ್ಗಗಳು ಕಾಗದದ ಮೇಲೆ ಎರಡು. ಎರಡೂ ಒಟ್ಟಿಗೆ ಕೈಕೊಟ್ಟ ದಿನ ಅವು ಒಂದೇ.

ಆ ವರ್ಷದ ಮಾರ್ಚ್‌ನಲ್ಲಿ ಭಾರತೀಯ ಷೇರು ವಿನಿಮಯ ಮಂಡಳಿ ಹೊರಡಿಸಿದ ಸುತ್ತೋಲೆಯು ಪಟ್ಟದ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿತು. ನಿರ್ಣಾಯಕ ವ್ಯವಸ್ಥೆ ಕೆಟ್ಟ 30 ನಿಮಿಷಗಳೊಳಗೆ ಅದನ್ನು ವಿಪತ್ತೆಂದು ಘೋಷಿಸಬೇಕು; ಘೋಷಿಸಿದ 45 ನಿಮಿಷಗಳೊಳಗೆ ದೂರದ ನೆಲೆಯಿಂದ ಕೆಲಸ ಆರಂಭವಾಗಬೇಕು. ದೂರದ ನೆಲೆಯು ಬೇರೊಂದು ಭೂಕಂಪ ವಲಯದಲ್ಲಿರುವುದು ಅಪೇಕ್ಷಣೀಯ, ಆಗದಿದ್ದರೆ ಕನಿಷ್ಠ 500 ಕಿಲೋಮೀಟರ್ ಅಂತರವಾದರೂ ಇರಬೇಕು. ದತ್ತಾಂಶ ನಷ್ಟವಾಗದಂತೆ ಸಮೀಪದ ನೆಲೆಯೊಂದೂ ಇರಬೇಕೆಂಬುದು ಮಂಡಳಿಯ ನಿಯಮ. ಇಲ್ಲಿ 45 ನಿಮಿಷಗಳಿಗಿಂತ 30 ನಿಮಿಷಗಳ ನಿಯಮವೇ ಹೆಚ್ಚು ಅರ್ಥವತ್ತಾದುದು. ಸರ್ವರು ಬದಲಿಸಲು ಹಿಡಿಯುವ ಕಾಲಕ್ಕಿಂತ, ಬದಲಿಸೋಣವೆಂದು ಹೇಳುವ ಧೈರ್ಯ ಬರಲು ಹಿಡಿಯುವ ಕಾಲವೇ ಬಹುತೇಕ ಪ್ರಸಂಗಗಳಲ್ಲಿ ದೀರ್ಘವಾಗಿದೆ. ಇನ್ನೇನು ಸರಿಹೋದೀತೆಂಬ ನಿರೀಕ್ಷೆಯಲ್ಲಿ ಕಳೆದ ಗಂಟೆಗಳು ಯಾವ ತಾಂತ್ರಿಕ ಕೋಷ್ಟಕದಲ್ಲಿಯೂ ನಮೂದಾಗುವುದಿಲ್ಲ.

ಎಂದೂ ಬಳಸದ ಎರಡನೆಯ ನೆಲೆಯನ್ನು ನಂಬುವುದು ಹೇಗೆ? 2024ರ ಮಾರ್ಚ್ 2ರ ಶನಿವಾರ, ರಜಾದಿನವಾಗಿದ್ದರೂ, ವಿನಿಮಯ ಕೇಂದ್ರಗಳು ವಿಶೇಷ ವಹಿವಾಟನ್ನು ಏರ್ಪಡಿಸಿದವು. ಬೆಳಿಗ್ಗೆ 9.15ರಿಂದ 10ರವರೆಗೆ ಪ್ರಧಾನ ನೆಲೆಯಿಂದ, 11.30ರಿಂದ 12.30ರವರೆಗೆ ದೂರದ ನೆಲೆಯಿಂದ, ನಿಜವಾದ ಹಣದೊಂದಿಗೆ, ನಿಜವಾದ ಹೂಡಿಕೆದಾರರೊಂದಿಗೆ ವ್ಯವಹಾರ ನಡೆಯಿತು. ನಡುವಿನ ಒಂದೂವರೆ ಗಂಟೆಯಲ್ಲಿ ಅಧಿಕಾರ ಕೈಬದಲಾಗಿತ್ತು. ಮೇ 18ರ ಶನಿವಾರ ಅದೇ ಕ್ರಮವನ್ನು ಪುನಃ ನಡೆಸಲಾಯಿತು.